ಬದರೀನಾರಾಯಣರ ಎಣ್ಣೆದೀಪದ ಸಂಕಲ್ಪ

ಕೈಯಲ್ಲಿ ಕಾಸಿಲ್ಲದೆ ಕರೆಂಟ್ ಬಿಲ್ ಕಟ್ಟದವರುಂಟು. ಕಾಸಿದ್ದೂ ಮರೆತವರುಂಟು. ಗಂಡ ಕಟ್ಟಿರುತ್ತಾರೆ ಎಂದು ಹೆಂಡತಿಯೂ, ಹೆಂಡತಿ ಕಟ್ಟಿರುತ್ತಾಳೆ ಎಂದು ಗಂಡನೂ ನಿಶ್ಚಿಂತೆಯಿಂದ ಟಿ.ವಿ. ನೋಡುತ್ತ ಕೂತ ಸಂಸಾರಗಳೂ ಉಂಟು. ಇವೆಲ್ಲ ಯಾರು ಬೇಕಾದರೂ ಮಾಡಬಹುದಾದ ತಪ್ಪುಗಳು. ಚಾಮರಾಜಪೇಟೆಯ ಬದರೀನಾರಾಯಣರು ಕಾಸಿದ್ದು, ನೆನಪಿದ್ದು, ಕಾಲು ನೆಟ್ಟಗಿದ್ದು, ಕರೆಂಟ್ ಆಫೀಸು ಕೂಗಳತೆಯಲ್ಲೇ ಇದ್ದು ಬಿಲ್ ಕಟ್ಟದೆ ಉಳಿದವರು. ಅದಕ್ಕೆ ಶ್ರದ್ಧೆ ಬೇಕು.

ಅವರ ಶ್ರದ್ಧೆ ಅಜ್ಜಿಯ ಕಾಲದಿಂದ ಬಂದದ್ದು. ಮಂಗಳವಾರ, ಶುಕ್ರವಾರ ಮನೆಯಿಂದ ಲಕ್ಷ್ಮಿ ಆಚೆ ಹೋಗಬಾರದು. ಅಮಾವಾಸ್ಯೆ ಹೋಗಬಾರದು. ಹಬ್ಬದ ದಿನ ಹೋಗಬಾರದು, ಅದರಲ್ಲೂ ಯುಗಾದಿಯ ದಿನ ಹೋದರೆ ವರ್ಷವಿಡೀ ಹೋಗುತ್ತಲೇ ಇರುತ್ತಾಳೆ. ಮಿಕ್ಕ ದಿನ ಧಾರಾಳವಾಗಿ ಹೋಗಬಹುದು, ರಾಹುಕಾಲ ಒಂದು ಬಿಟ್ಟು. ಆದ್ದರಿಂದ ಬಿಲ್ಲು ಬಂದ ಕೂಡಲೆ ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಅಷ್ಟೇ ದುಡ್ಡಿನ ಸಮೇತ ದೇವರ ಮಂಟಪದ ಕೆಳಗೆ ಇಡುವುದು, ಒಳ್ಳೆಯ ದಿನ ಒಳ್ಳೆಯ ವೇಳೆ ನೋಡಿ ಎತ್ತಿಕೊಂಡು ಹೋಗಿ ಕಟ್ಟುವುದು ಆ ಮನೆಯ ಪದ್ಧತಿ. ಹೆಂಡತಿ ಕಾವೇರಮ್ಮನ ತಮ್ಮ ಮಧುಸೂದನ್ ಮಲ್ಲೇಶ್ವರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ. ಬಂದಾಗಲೆಲ್ಲ, "ಭಾವ, ಆಟೋ-ಪೇ ಹಾಕ್ಕೊಡ್ತೀನಿ, ತಾನೇ ಕಟ್ಟಿಕೊಳ್ಳತ್ತೆ" ಎನ್ನುತ್ತಿದ್ದ. ಬದರೀನಾರಾಯಣರದು ಒಂದೇ ಪ್ರಶ್ನೆ: "ಅದಕ್ಕೆ ಶುಕ್ರವಾರ ಯಾವುದು ಅಂತ ಗೊತ್ತಾಗತ್ತೇನಯ್ಯ?" ಮಧುಸೂದನನ ಬ್ಯಾಂಕು ಇದಕ್ಕಿನ್ನೂ ಉತ್ತರ ಕಂಡುಹಿಡಿದಿರಲಿಲ್ಲ.

ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಬದರೀನಾರಾಯಣರಿಗೆ ಲೋಕದಲ್ಲಿ ಉಳಿದಿದ್ದದ್ದು ಒಂದೇ ಅಧಿಕಾರ. ಅವರು ತಮ್ಮ ರಸ್ತೆಯ ರಾಮೋತ್ಸವ ಸಮಿತಿಯ ಖಜಾಂಚಿ. ಚಂದಾ ಹಣದ ತಗಡಿನ ಪೆಟ್ಟಿಗೆಯ ಬೀಗದ ಕೈ ಅವರ ಜನಿವಾರದಲ್ಲಿ ನೇತಾಡುತ್ತಿತ್ತು. ಸ್ನಾನ ಮಾಡುವಾಗಲೂ ಅದು ಅಲ್ಲೇ. ರಸ್ತೆಯಲ್ಲಿ ನಡೆಯುವಾಗ ಅಂಗಿಯ ಮೇಲಿಂದಲೇ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಪೆನ್ಶನ್ ಕೊಡದ ಸಮಾಧಾನವನ್ನು ಆ ಬೀಗದ ಕೈ ಕೊಡುತ್ತಿತ್ತು ಎನ್ನುವುದು ಕಾವೇರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಆ ಬೀಗದ ಕೈಯ ಮೇಲೆ ಒಬ್ಬರ ಕಣ್ಣಿತ್ತು. ಎದುರು ಮನೆಯ ನಾಗಭೂಷಣ್. ಅವೆನ್ಯೂ ರಸ್ತೆಯಲ್ಲಿ ತಲೆಮಾರಿನಿಂದ ಕಾಗದದ ವ್ಯಾಪಾರ, ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಹಿಂದಿನ ವರ್ಷ ಅವರ ಮನೆಯ ನೀರಿನ ಬಿಲ್ಲು ಕಟ್ಟುವುದು ತಡವಾಗಿ ನಲ್ಲಿ ನಿಂತಿತ್ತು. ಬದರೀನಾರಾಯಣರು ಬಿಡುತ್ತಾರೆಯೆ? ತುಂಬಿದ ಸಭೆಯಲ್ಲಿ ಎದ್ದು ನಿಂತು, "ಸ್ವಂತ ಮನೆ ಬಿಲ್ ಕಟ್ಟಕ್ಕಾಗದವ್ರ ಕೈಗೆ ರಾಮನ ದುಡ್ಡು ಕೊಡಬಾರ್ದು, ಇದು ನನ್ನ ತತ್ವ" ಎಂದಿದ್ದರು. ನಾಗಭೂಷಣ್ ಕೋಸಂಬರಿ ತಿಂದು ಎದ್ದು ಹೋಗಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂಬ ಗಾದೆ ಇರುವುದು ಸುಮ್ಮನೆ ಅಲ್ಲ.

ಈ ಸಲದ ಬಿಲ್ಲು ಬಂದದ್ದು ಮಂಗಳವಾರ. ಮಂಟಪದ ಕೆಳಗೆ ಹೋಯಿತು. ಬುಧವಾರ ಬದರೀನಾರಾಯಣರು ಕೌಂಟರಿನ ಸಾಲಿನಲ್ಲಿ ನಿಂತರು. ಅವರ ಸರದಿ ಬರುವಷ್ಟರಲ್ಲಿ ರಾಹುಕಾಲ ಶುರುವಾಯಿತು. "ನೀವು ಮುಂದೆ ಹೋಗಿ" ಎಂದು ಹಿಂದಿನವರಿಗೆ ಜಾಗ ಬಿಟ್ಟುಕೊಟ್ಟು, ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ರಾಹುವನ್ನು ಕಳೆದು ಬಂದರೆ, ಕೌಂಟರಿನವನು ಊಟಕ್ಕೆ ಹೋಗಿದ್ದ. ಅವನು ಊಟ ಮುಗಿಸಿ ಬಂದರೆ ಸರ್ವರ್ ಕೆಟ್ಟಿತ್ತು. ಗುರುವಾರ ಯಾರದೋ ವೈಕುಂಠ ಸಮಾರಾಧನೆ. ಆಮೇಲೆ ಶುಕ್ರವಾರ. ಹೀಗೆ ವಾರಕ್ಕೆ ವಾರ ಸೇರಿ ಗಡುವೂ ದಾಟಿತು, ಗಡುವಿನ ಮೇಲೆ ಕೊಟ್ಟ ಗಡುವೂ ದಾಟಿತು. ಎಚ್ಚೆತ್ತು ಎತ್ತಿಕೊಳ್ಳೋಣವೆಂದರೆ ಶನಿವಾರ ಅಮಾವಾಸ್ಯೆ, ಭಾನುವಾರ ಯುಗಾದಿ.

ಸೋಮವಾರ ಬೆಳಿಗ್ಗೆ ಎದ್ದವರೇ ಸ್ನಾನ ಮಾಡಿ, ಬಿಲ್ಲು ದುಡ್ಡು ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಜಗಲಿಯಲ್ಲಿ ಕೂತರು. ಸೋಮವಾರ ರಾಹುಕಾಲ ಒಂಬತ್ತರವರೆಗೆ. ಗಡಿಯಾರ ನೋಡುತ್ತಿದ್ದಂತೆ ಗೇಟಿನ ಸದ್ದಾಯಿತು. ಬಂದದ್ದು ಲೈನ್‌ಮನ್.

"ಬಾಕಿ ಐತೆ ಸಾರ್. ಫ್ಯೂಸ್ ತೆಗೀಬೇಕು."

"ಇಗೋ, ಕಟ್ಟಕ್ಕೇ ಹೊರಟಿದೀನಿ ಕಣಪ್ಪ. ಚೀಲ ನೋಡು. ರಾಹುಕಾಲ ಮುಗೀಲಿ ಅಂತ ಕೂತಿದೀನಿ."

"ಮಾರ್ಚ್ ಎಂಡು ಸಾರ್. ಬಾಕಿ ಇಟ್ಕೊಂಡು ವಾಪಸ್ ಬರ್ಬೇಡ ಅಂದವ್ರೆ ಸಾಹೇಬ್ರು."

"ಒಂಚೂರು ಹೊತ್ತು ಕಾಯಬಾರ್ದೇ?"

"ನೀವು ಕಾದ್ರಲ್ಲ, ಏನಾಯ್ತು?" ಎಂದು ಲೈನ್‌ಮನ್ ಮೀಟರ್ ಬೋರ್ಡಿನ ಬಾಗಿಲು ತೆಗೆದ.

ಒಳಗೆ ಮಿಕ್ಸಿ ಅರ್ಧ ಚಟ್ನಿಯಲ್ಲಿ ನಿಂತಿತು. ಅದೇ ಹೊತ್ತಿಗೆ ಕಾಂಪೌಂಡಿನ ಆಚೆ ರಂಗೋಲಿ ಹಾಕುತ್ತಿದ್ದ ಶೈಲಜಮ್ಮ ತಲೆ ಎತ್ತಿದರು. ಶೈಲಜಮ್ಮನಿಗೆ ಒಂದು ಸುದ್ದಿ ತಿಳಿದರೆ ಕಾಫಿ ಆರುವ ಮುಂಚೆ ರಸ್ತೆಯ ಎರಡೂ ತುದಿಗೆ ತಿಳಿಯುತ್ತಿತ್ತು.

"ಏನ್ರೀ ಬದ್ರಿಯವ್ರೆ, ಕರೆಂಟ್ ತೆಗೀತಿದಾರಾ?"

ಬದರೀನಾರಾಯಣರ ಕೈ ತಾನಾಗಿ ಜನಿವಾರಕ್ಕೆ ಹೋಯಿತು. ಗುರುವಾರ ಸಂಜೆ ಸಮಿತಿಯ ಸಭೆ. ಪ್ರತಿವರ್ಷ ಯುಗಾದಿ ಆದ ಮೇಲೆ ಕೈ ಎತ್ತಿಸಿ ಖಜಾಂಚಿಯನ್ನು ಆರಿಸುತ್ತಿದ್ದರು. ತುಂಬಿದ ಸಭೆಯಲ್ಲಿ ತಾವೇ ಹೇಳಿದ ತತ್ವ ಕಿವಿಯಲ್ಲಿ ಮೊಳಗಿತು. ಎದುರು ಮನೆಯ ಕಿಟಕಿಯ ಪರದೆ ಅಲುಗಿದಂತೆ ಕಂಡಿತು. ಬಾಯಿಂದ ಮಾತು ಹೊರಟೇಬಿಟ್ಟಿತು.

"ತೆಗೀತಿಲ್ಲ ಶೈಲಜಮ್ಮ, ನಾನೇ ತೆಗೆಸ್ತಿದೀನಿ. ರಾಮನವಮಿವರೆಗೂ ನಮ್ಮನೇಲಿ ಎಣ್ಣೆದೀಪ ಮಾತ್ರ. ಸಂಕಲ್ಪ ಮಾಡಿದೀನಿ."

ಶೈಲಜಮ್ಮನ ಕೈಯಿಂದ ರಂಗೋಲಿಪುಡಿ ಜಾರಿತು. ಲೈನ್‌ಮನ್ ಬಾಯಿ ತೆರೆದ. ಬದರೀನಾರಾಯಣರು ಅವನನ್ನು ನೋಡಿದ ನೋಟದಲ್ಲಿ ಎಂಥ ದೈನ್ಯವಿತ್ತೆಂದರೆ, ಪಾಪ, ತೆರೆದ ಬಾಯನ್ನು ಆತ ಹಾಗೇ ಮುಚ್ಚಿಕೊಂಡು ಹೊರಟುಹೋದ.

ರಾಹುಕಾಲ ಮುಗಿದ ಮರುಗಳಿಗೆ ಓಡಿಹೋಗಿ ಬಿಲ್ಲೇನೋ ಕಟ್ಟಿ ಬಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಆದರೆ ಸಂಜೆಗೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಶೈಲಜಮ್ಮ ಎಳ್ಳೆಣ್ಣೆಯ ಡಬ್ಬಿಯೊಂದಿಗೆ ಬಂದಿದ್ದರು. ಅವರ ಹಿಂದೆ ಅರ್ಧ ಡಜನ್ ಹೆಂಗಸರು. ಅವರೆಲ್ಲರ ಹಿಂದೆ ಸಮಿತಿಯ ಅಧ್ಯಕ್ಷ ಚಂದ್ರಶೇಖರಯ್ಯ, ಹಣೆತುಂಬ ವಿಭೂತಿ, ಕೈಯಲ್ಲಿ ಊರುಗೋಲು, ಏನು ಕೇಳಿದರೂ ಕಣ್ಣು ತುಂಬಿಕೊಳ್ಳುವ ವಯಸ್ಸು.

"ಈ ಕಾಲದಲ್ಲೂ ಇಂಥ ನಿಷ್ಠೆ ಇದೆಯಲ್ಲ ಬದ್ರಿಯವ್ರೆ" ಎಂದು ಅವರು ಕಣ್ಣೊರಸಿಕೊಂಡರು. "ಫ್ಯಾನೂ ಇಲ್ವೇ?"

"ಇಲ್ಲ" ಎಂದರು ಬದರೀನಾರಾಯಣರು. ಬೆವರು ಕಿವಿಯ ಹಿಂದಿನಿಂದ ಇಳಿದು ಕತ್ತಿನ ಪಟ್ಟಿಯೊಳಗೆ ಹೋಗುತ್ತಿತ್ತು.

"ಫ್ರಿಜ್ಜೂ ಇಲ್ವೇ?"

"ಇಲ್ಲ."

"ಮೊಬೈಲಿಗೆ ಚಾರ್ಜು?" ಎಂದು ಒಬ್ಬಾಕೆ ಕಳವಳದಿಂದ ಕೇಳಿದರು.

ಬದರೀನಾರಾಯಣರು ಒಂದು ಕ್ಷಣ ಶಾಸ್ತ್ರವನ್ನು ಯೋಚಿಸಿದರು. "ಅದನ್ನ ಪಕ್ಕದ ಮನೇಲಿ ಹಾಕ್ಕೋಬಹುದು. ದೋಷ ಇಲ್ಲ."

"ಇದರ ಫಲ ಏನು?" ಎಂದರು ಶೈಲಜಮ್ಮ.

"ಮನಶ್ಶಾಂತಿ" ಎಂದರು ಬದರೀನಾರಾಯಣರು, ಕಾಲಿನ ಮೇಲೆ ಕೂತ ಸೊಳ್ಳೆಯನ್ನು ಎಲ್ಲರೆದುರು ಹೊಡೆಯಲಾರದೆ.

ಎಲ್ಲರೂ ಹೋದ ಮೇಲೆ ಕಾವೇರಮ್ಮ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ರೀ, ಇಡ್ಲಿಹಿಟ್ಟು ಉಕ್ಕಿ ಫ್ರಿಜ್ಜಿಂದ ಆಚೆ ಬರ್ತಿದೆ. ಪಂಪ್ ಹಾಕಕ್ಕಾಗದೆ ಟ್ಯಾಂಕಲ್ಲಿ ನೀರಿಲ್ಲ. ಸಂಪಿನೊಳಕ್ಕೆ ಬಿಂದಿಗೆ ಬಿಟ್ಟು ಸೇದ್ತಿದೀನಿ. ಸಂಕಲ್ಪ ನೀವ್ ಮಾಡಿದ್ದು, ಸೊಂಟ ನಂದು."

"ಗುರುವಾರದವರೆಗೂ ಸಹಿಸ್ಕೋ ಕಾವೇರಿ. ಸಭೆ ಒಂದು ಮುಗೀಲಿ, ಬೀಗದ ಕೈ ನನ್ನ ಹತ್ರಾನೇ ಉಳೀಲಿ. ಆಮೇಲೆ ಏನಾದ್ರೂ ನೆಪ ಹೇಳಿ ವ್ರತ ಮುಗಿಸಿಬಿಡ್ತೀನಿ."

"ಆ ಕೈ ಒಂದಿಲ್ದೆ ಇದ್ರೆ ಏನಾಗ್ಬಿಡತ್ತೆ?"

ಏನಾಗುತ್ತದೆ ಎಂದು ಬದರೀನಾರಾಯಣರಿಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ಪೇಪರ್ ಓದಿ ಮುಗಿಸಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ, ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವವರೂ ಇರುವುದಿಲ್ಲ. ಕಾವೇರಮ್ಮ ಅವರ ಮುಖ ನೋಡಿ ಬಿಂದಿಗೆ ಎತ್ತಿಕೊಂಡು ಹೋದರು.

ಮಂಗಳವಾರ ಲೈನ್‌ಮನ್ ಮತ್ತೆ ಬಂದ, ಈ ಸಲ ನಗುನಗುತ್ತ. ಜಗಲಿಯಲ್ಲಿ ಶೈಲಜಮ್ಮನ ಬಳಗ ಬತ್ತಿ ಹೊಸೆಯುತ್ತ ಕೂತಿತ್ತು. "ಸಾರ್, ಕರೆಂಟ್ ಕೊಡಕ್ ಬಂದಿದೀನಿ" ಎಂದು ಆತ ಗೇಟಿನಿಂದಲೇ ಕೂಗಿದ.

ಬದರೀನಾರಾಯಣರು ಹಾರಿಬಂದು ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. "ಬೇಡ."

"ಬೇಡ್ವಾ?"

"ಬೇಡಪ್ಪ. ನನಗೆ ಕರೆಂಟು ಬೇಡ."

"ಏನ್ ಸಾರ್ ಇದು. ಕರೆಂಟ್ ಕೊಡಿ ಅಂತ ನನ್ ಕಾಲ್ ಹಿಡಿದೋರ್ನ ನೋಡಿದೀನಿ. ಬೇಡ ಅಂತ ಅಡ್ಡ ನಿಂತೋರ್ನ ಇವತ್ತೇ ನೋಡಿದ್ದು."

ಬದರೀನಾರಾಯಣರು ಅವನನ್ನು ಸಂಪಿನ ಪಕ್ಕಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ನೋಡಪ್ಪ, ನಿನಗೆ ಪುಣ್ಯ ಬರತ್ತೆ. ಯಾರು ಕೇಳಿದ್ರೂ, ಕೊಡ್ತೀನಿ ಅಂದ್ರೂ ಇವ್ರೇ ಬೇಡ ಅಂದ್ರು ಅಂತ ಹೇಳು. ಅಷ್ಟೇ ಹೇಳು. ದೇವರ ಮೇಲೆ ಆಣೆ ಮಾಡು."

"ಆಣೆ ಯಾಕ್ ಸಾರ್, ಬೇಡ ಅಂತಾನೇ ಅಂತಿದೀರಲ್ಲ" ಎಂದ ಲೈನ್‌ಮನ್. ಆದರೂ ಬಲವಂತಕ್ಕೆ ಆಣೆ ಮಾಡಿದ. ಜಗಲಿಯ ಮೇಲೆ ಬತ್ತಿ ಹೊಸೆಯುವ ಕೈಗಳೆಲ್ಲ ನಿಂತುಹೋಗಿದ್ದವು.

ಅದೇ ಸಂಜೆ ಎದುರು ಮನೆಯ ನಾಗಭೂಷಣ್ ಬಂದರು. ಒಳಗೆ ಬರಲಿಲ್ಲ. ಮೀಟರ್ ಬೋರ್ಡಿನ ಮುಂದೆ ಕೈಕಟ್ಟಿ ನಿಂತು, ಫ್ಯೂಸ್ ಇರಬೇಕಾದ ಜಾಗವನ್ನು ದೇವಸ್ಥಾನದ ಮೂರ್ತಿ ನೋಡುವ ಹಾಗೆ ನೋಡಿದರು. "ಸೋಮವಾರ ಬೆಳಿಗ್ಗೇನೇ ತೆಗೆಸಿದ್ರಾ?" ಎಂದರು. ಹೌದು ಎಂದಾಗ, "ರಾಹುಕಾಲದಲ್ಲಿ ಸಂಕಲ್ಪ" ಎಂದರು. ಅಷ್ಟೇ. ಹೊರಟುಹೋದರು.

ಬದರೀನಾರಾಯಣರು ಮೀಟರ್ ಬೋರ್ಡಿನ ಬಾಗಿಲು ಮುಚ್ಚಿದರು. ಇವನಿಗೆ ಗೊತ್ತಾಗಿದೆ. ಸಭೆಯಲ್ಲಿ ಎಲ್ಲರೆದುರು ಬಿಚ್ಚಿಡುತ್ತಾನೆ. ನೀರಿನ ಬಿಲ್ಲಿನ ಮಾತಿಗೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆ. ಬುಧವಾರ ಅಕ್ಕನ ಫೋನು ಬಂದು ಓಡಿಬಂದ ಮಧುಸೂದನನ ಮುಂದೆ ಎಲ್ಲವನ್ನೂ ಹೇಳಿಕೊಂಡರು.

"ಭಾವ, ಇಷ್ಟೆಲ್ಲ ಯಾಕೆ? ತಪ್ಪಾಯ್ತು ಅಂತ ಹೇಳ್ಬಿಡಿ. ಬಿಲ್ ಮರೆಯೋದು ಯಾರಿಗೂ ಆಗತ್ತೆ" ಎಂದ ಮಧುಸೂದನ್, ಅಂಗಿಯ ಗುಂಡಿ ಬಿಚ್ಚಿ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ.

"ನಾನು ಮರೀಲಿಲ್ಲ ಕಣೋ. ಅದೇ ಕಷ್ಟ. ಮರೆತಿದ್ರೆ ಮರೆತೆ ಅಂತ ಹೇಳಬಹುದಿತ್ತು."

"ಬಿಲ್ ಬಂದ ದಿನವೇ ಕಟ್ಟಿದ್ರೆ?"

"ಬಂದಿದ್ದು ಮಂಗಳವಾರ."

ಮಧುಸೂದನ್ ಪೇಪರ್ ಮಡಿಸಿಟ್ಟು, ಅಕ್ಕನಿಗೆ ನಾಲ್ಕು ಬಿಂದಿಗೆ ನೀರು ಸೇದಿಕೊಟ್ಟು ಮಲ್ಲೇಶ್ವರಕ್ಕೆ ಹೊರಟ.

ಗುರುವಾರ ಸಂಜೆ ಸಭೆ ಚಂದ್ರಶೇಖರಯ್ಯನವರ ನಡುಮನೆಯಲ್ಲಿ. ಬದರೀನಾರಾಯಣರು ಬಾಗಿಲ ಹತ್ತಿರದ ಕುರ್ಚಿ ಹಿಡಿದರು. ಓಡಿಹೋಗಬೇಕಾಗಿ ಬಂದರೆ ಇರಲಿ ಎಂದು. ಪೆಂಡಾಲಿಗೆ ಲೈನ್ ಎಳೆಯುವ ಜಾಗ ನೋಡಲು ಬಂದ ಲೈನ್‌ಮನ್ ಕೂಡ ಹೊಸ್ತಿಲ ಬಳಿ ಕಾಫಿ ಹಿಡಿದು ನಿಂತಿದ್ದ. ಖಜಾಂಚಿಯ ವಿಷಯ ಬಂದ ಕೂಡಲೆ ನಾಗಭೂಷಣ್ ಎದ್ದರು. ಬದರೀನಾರಾಯಣರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು.

"ನಾನು ಜಾಸ್ತಿ ಮಾತಾಡೋನಲ್ಲ" ಎಂದರು ನಾಗಭೂಷಣ್. "ಸೋಮವಾರದಿಂದ ಬದ್ರಿಯವ್ರ ಮನೇನ ನೋಡ್ತಿದೀನಿ. ಕರೆಂಟನ್ನೇ ತ್ಯಾಗ ಮಾಡಿದ ಮಹಾನುಭಾವರು. ಇಂಥೋರ ಕೈಗೆ ನಾವು ದುಡ್ಡಿನ ಪೆಟ್ಟಿಗೆ ಕೊಡೋದು ತಪ್ಪಲ್ವೇ? ವ್ರತಸ್ಥರ ಕೈಗೆ ಕಾಸಿನ ಜಿಡ್ಡು ಯಾಕೆ? ಅವ್ರನ್ನ ನಮ್ಮ ಗೌರವಾಧ್ಯಕ್ಷರನ್ನಾಗಿ ಮಾಡಿ ವೇದಿಕೆ ಮೇಲೆ ಕೂರಿಸ್ಬೇಕು ಅಂತ ನನ್ನ ಕೋರಿಕೆ. ಖಜಾಂಚಿ ಕೆಲಸಕ್ಕೆ ನನ್ನಂಥ ಪಾಮರರು ಯಾರಾದ್ರೂ ಸಾಕು."

ನಡುಮನೆ ಚಪ್ಪಾಳೆಯಿಂದ ತುಂಬಿತು. ಚಂದ್ರಶೇಖರಯ್ಯನವರು ಅತ್ತೇಬಿಟ್ಟರು. ಅಷ್ಟರಲ್ಲಿ ಶೈಲಜಮ್ಮ ಎಲ್ಲಿಂದಲೋ ಹಾರ ತಂದರು. ಯಾವ ಬೀಗದ ಕೈಯನ್ನು ಉಳಿಸಿಕೊಳ್ಳಲು ಬದರೀನಾರಾಯಣರು ಈ ಕತ್ತಲೆಯಲ್ಲಿ ಕೂತರೋ ಆ ಕೈ ಈ ಕತ್ತಲೆಯಿಂದಲೇ ಹೋಗುತ್ತಿತ್ತು. ಇನ್ನು ಸುಳ್ಳಿಗೆ ಅರ್ಥವಿರಲಿಲ್ಲ. ಅವರು ಎದ್ದು ನಿಂತರು.

"ಸ್ವಾಮಿ, ಕೇಳಿ. ನಾನು ವ್ರತ ಗಿತ ಏನೂ ಮಾಡ್ತಿಲ್ಲ. ಬಿಲ್ ಕಟ್ಟಿರ್ಲಿಲ್ಲ. ಅದಕ್ಕೆ ಫ್ಯೂಸ್ ಕಿತ್ತುಕೊಂಡು ಹೋದ್ರು. ಮರ್ಯಾದೆಗೆ ಅಂಜಿ ಸುಳ್ಳು ಹೇಳ್ದೆ. ನಾನು ಸಾಮಾನ್ಯ ಮನುಷ್ಯ, ಪೆಟ್ಟಿಗೆ ನನ್ನ ಹತ್ರಾನೇ ಇರ್ಲಿ."

ಚಂದ್ರಶೇಖರಯ್ಯನವರು ಗದ್ಗದಿತರಾಗಿ, "ನೋಡಿದ್ರಾ, ವ್ರತದ ಫಲ ಹೇಳ್ಕೊಂಡ್ರೆ ಕ್ಷಯ ಆಗತ್ತೆ ಅಂತ ಮುಚ್ಚಿಡ್ತಿದಾರೆ. ಎಂಥ ವಿನಯ" ಎಂದರು.

"ವಿನಯ ಅಲ್ಲ ಸ್ವಾಮಿ, ಬಾಕಿ" ಎಂದು ಬದರೀನಾರಾಯಣರು ಹೊಸ್ತಿಲ ಕಡೆ ಕೈ ತೋರಿಸಿದರು. "ಬೇಕಾದ್ರೆ ಅವನನ್ನೇ ಕೇಳಿ. ಹೇಳಪ್ಪ, ನಿಜ ಹೇಳು."

ಎಲ್ಲರೂ ತಿರುಗಿದರು. ಲೈನ್‌ಮನ್ ಕಾಫಿ ಲೋಟ ಕೆಳಗಿಟ್ಟ. ದೇವರ ಮೇಲೆ ಇಟ್ಟ ಆಣೆ ಅವನಿಗೆ ಚೆನ್ನಾಗಿ ನೆನಪಿತ್ತು.

"ನಿಜಾನೇ ಹೇಳ್ತೀನಿ ಸಾರ್. ಬಿಲ್ ಪೂರ್ತಿ ಕಟ್ಟವ್ರೆ. ಮಂಗಳವಾರ ನಾನೇ ಹೋಗಿ ಕರೆಂಟ್ ಕೊಡ್ತೀನಿ ಅಂದೆ. ಬೋರ್ಡಿಗೆ ಅಡ್ಡ ನಿಂತು ಬೇಡ ಅಂದ್ರು. ನನ್ ಸರ್ವೀಸಲ್ಲಿ ಇಂಥೋರ್ನ ನೋಡಿಲ್ಲ."

"ಹೌದು, ನಾವೇ ಕಣ್ಣಾರೆ ಕಂಡಿದೀವಿ" ಎಂದರು ಶೈಲಜಮ್ಮ, ಬತ್ತಿ ಹೊಸೆದವರೆಲ್ಲರ ಪರವಾಗಿ.

ಹಾರ ಕೊರಳಿಗೆ ಬಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಹೆಂಗಸರ ಸಾಲಿನಲ್ಲಿ ಕೂತಿದ್ದ ಕಾವೇರಮ್ಮ ಮನಸ್ಸಿನಲ್ಲೇ ಅಂದುಕೊಂಡರು. ಬದರೀನಾರಾಯಣರು ಅಂಗಿಯೊಳಗೆ ಕೈ ಹಾಕಿದರು. ವರ್ಷಾನುಗಟ್ಟಲೆ ಬಿಗಿದ ಗಂಟು ಸುಲಭಕ್ಕೆ ಬಿಚ್ಚಲಿಲ್ಲ. ಕಡೆಗೆ ಕಾವೇರಮ್ಮನೇ ಎದ್ದು ಬಂದು ಉಗುರಿನಿಂದ ಬಿಡಿಸಿಕೊಟ್ಟರು. ನಾಗಭೂಷಣ್ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ಮರುದಿನ ಶುಕ್ರವಾರ. ಬೆಳಿಗ್ಗೆಯೇ ನಾಗಭೂಷಣ್ ಗೇಟಿನ ಬಳಿ ಬಂದು ನಿಂತರು. ಹಿಂದೆ ಶೈಲಜಮ್ಮ, ಅವರ ಹಿಂದೆ ಮತ್ತಿಬ್ಬರು. "ಸಲಹೆ ಬೇಕಿತ್ತು ಗೌರವಾಧ್ಯಕ್ಷರೇ. ಪೆಂಡಾಲಿನ ಕರೆಂಟಿಗೆ ದುಡ್ಡು ಕಟ್ಬೇಕು. ಕಟ್ಟದಿದ್ರೆ ಭಾನುವಾರದ ಸಂಗೀತ ಕಛೇರಿಗೆ ಮೈಕಿಲ್ಲ. ಇವತ್ತು ಶುಕ್ರವಾರ, ಲಕ್ಷ್ಮಿ ಆಚೆ ಹೋಗ್ಬಹುದಾ? ನಾಳೆ ನೋಡ್ಕೊಳ್ಳೋಣ್ವಾ?"

ಬದರೀನಾರಾಯಣರು ನಿದ್ದೆಗೆಟ್ಟ ಕಣ್ಣಿನಿಂದ ಅವರನ್ನು ದಿಟ್ಟಿಸಿದರು. ನಾಳೆ ಎಂದುಬಿಟ್ಟರೆ ಮುಗಿಯಿತು. ನಾಳೆ ಸಾಲು, ಸರ್ವರ್, ರಾಹುಕಾಲ. ಪೆಂಡಾಲು ಕತ್ತಲಾಗುತ್ತದೆ, ಹೊಸ ಖಜಾಂಚಿಯ ಮರ್ಯಾದೆ ಮೂರುಕಾಸಿಗೆ ಹೋಗುತ್ತದೆ, ಬೀಗದ ಕೈ ತಾನಾಗಿ ವಾಪಸು ಬರುತ್ತದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ದಾಟಿ ಬರಲಿಲ್ಲ. ಎಷ್ಟೆಂದರೂ ರಾಮನ ಪೆಂಡಾಲು.

"ಬಿಲ್ ಬಂದ ದಿನವೇ ಒಳ್ಳೇ ದಿನ ನಾಗಭೂಷಣ್. ಈಗ್ಲೇ ಎದ್ದು ಹೋಗಿ."

"ರಾಹುಕಾಲ?"

"ಲೈನ್‌ಮನ್‌ಗೆ ಇಲ್ಲದ ರಾಹುಕಾಲ ನಮಗ್ಯಾಕೆ? ಹೋಗಿ ಅಂದ್ನಲ್ಲ."

ನಾಗಭೂಷಣ್ ಕೌಂಟರಿನ ಕಡೆ ಹೊರಟರು. ಗೌರವಾಧ್ಯಕ್ಷರ ಅಪ್ಪಣೆ ಮಧ್ಯಾಹ್ನದೊಳಗೆ ಶೈಲಜಮ್ಮನ ಬಾಯಲ್ಲಿ ಶಾಸ್ತ್ರವಾಯಿತು. ಬಿಲ್ಲನ್ನು ಬಂದ ದಿನವೇ ಕಟ್ಟಿದರೆ ರಾಮ ಒಲಿಯುತ್ತಾನಂತೆ. ಸಂಜೆ ಕೌಂಟರಿನ ಮುಂದೆ ಆ ರಸ್ತೆಯವರದೇ ಸಾಲು. ಅದುವರೆಗೆ ಮಧುಸೂದನನ ಮಾತು ಕೇಳದವರೆಲ್ಲ ಅವನಿಗೆ ಫೋನು ಮಾಡಿ ಆಟೋ-ಪೇ ಎಂದರೆ ಏನು ಎಂದು ಕೇಳಿದರು.

ಭಾನುವಾರ ರಾಮನವಮಿ. ಪೆಂಡಾಲು ಝಗಝಗಿಸುತ್ತಿತ್ತು, ಮೈಕು ಗಿಣಿಯ ಹಾಗೆ ಮಾತಾಡುತ್ತಿತ್ತು. ವೇದಿಕೆಯ ಮೇಲೆ, ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ, ಶಾಲು ಹಾರಗಳ ಅಡಿಯಲ್ಲಿ ಬದರೀನಾರಾಯಣರು ಬೇಯುತ್ತಿದ್ದರು. ಎದುರಿಗೆ ಒಂದು ದೊಡ್ಡ ಫ್ಯಾನು ತಿರುಗುತ್ತಿತ್ತು. ಅದರ ಗಾಳಿ ಅವರ ಮುಖಕ್ಕೆ ಇನ್ನೇನು ತಾಕಬೇಕು, ಶೈಲಜಮ್ಮ ಓಡಿಬಂದು ಅದನ್ನು ಆರಿಸಿದರು. "ಯಾರ್ರೀ ಇದನ್ನ ಹಾಕಿದ್ದು? ಅವ್ರ ವ್ರತ ಇನ್ನೂ ಮುಗಿದಿಲ್ಲ" ಎಂದು ಎಲ್ಲರನ್ನೂ ಗದರಿದರು.

ಕೋಸಂಬರಿ, ಪಾನಕ ಹಂಚಿದ್ದಾಯಿತು. ರಾಮನವಮಿಗೆ ಹಿರಿಯರಿಗೆ ಕೊಡುವ ಬೀಸಣಿಗೆಗಳ ಕಟ್ಟನ್ನು ಹಿಡಿದು ಹೊಸ ಖಜಾಂಚಿ ವೇದಿಕೆ ಹತ್ತಿದರು. ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದು ಗೌರವಾಧ್ಯಕ್ಷರ ಮುಂದೆ ಬಾಗಿದರು. ಆ ರಸ್ತೆಯಲ್ಲಿ ನಾಗಭೂಷಣ್ ನಕ್ಕದ್ದನ್ನು ಕಂಡವರು ಕಮ್ಮಿ. ಬದರೀನಾರಾಯಣರು ಆವತ್ತು ತೀರ ಹತ್ತಿರದಿಂದ ಕಂಡರು.

"ತಗೊಳ್ಳಿ ಬದ್ರಿಯವ್ರೆ" ಎಂದು ನಾಗಭೂಷಣ್ ಅವರ ಕಿವಿಗೆ ಮಾತ್ರ ಕೇಳುವಂತೆ ಹೇಳಿದರು. "ಇದಕ್ಕೆ ಬಿಲ್ ಬರಲ್ಲ."